ಪೆಟ್ಟಿಗೆಯ ತೊಗಲು, ಒಳಗಿನ ಲೆಕ್ಕ

ಬಜೆಟ್ ದಿನ ಹಣಕಾಸು ಮಂತ್ರಿಗಳು ತೊಗಲಿನ ಪೆಟ್ಟಿಗೆ ಹಿಡಿದು ನಿಂತ ಫೋಟೋವನ್ನು ಪೇಪರಿನಲ್ಲಿ ನಾವು ಎಷ್ಟೋ ವರ್ಷ ನೋಡಿದ್ದೇವೆ. ಒಳಗೇನಿದೆ ಅಂತ ಕೇಳಿದವರು ಎಷ್ಟು ಜನ? ‘ಬಜೆಟ್’ ಅನ್ನೋ ಮಾತೇ ಹಳೆಯ ಫ್ರೆಂಚಿನಲ್ಲಿ ಸಣ್ಣ ತೊಗಲು ಚೀಲಕ್ಕಿದ್ದ ಹೆಸರಿನಿಂದ ಹುಟ್ಟಿದ್ದು.

ಪೆಟ್ಟಿಗೆಯ ಈ ಪದ್ಧತಿ ಇಂಗ್ಲೆಂಡಿನದು. ಅಲ್ಲಿ ಮಂತ್ರಿಗಳ ಕಾಗದಪತ್ರ ಓಡಾಡುವುದು ಕೆಂಪು ಪೆಟ್ಟಿಗೆಗಳಲ್ಲಿ. ಮರದ ಮೈ, ಅದಕ್ಕೆ ಟಗರಿನ ತೊಗಲು, ಮೇಲೆ ರಾಜಮುದ್ರೆ. ಬೀಗ ತಳದಲ್ಲಿ; ಹಾಕದೆ ಎತ್ತಿಕೊಂಡು ಹೋಗುವಂತಿಲ್ಲ. ಒಂದು ಕಾಲದಲ್ಲಿ ಸೀಸವನ್ನೂ ಹೊದಿಸುತ್ತಿದ್ದರು. ಹಡಗು ಶತ್ರುವಿನ ಕೈಗೆ ಸಿಕ್ಕರೆ ಸಮುದ್ರಕ್ಕೆಸೆದ ಪೆಟ್ಟಿಗೆ ಮುಳುಗಬೇಕು, ಗುಟ್ಟು ಉಳಿಯಬೇಕು. ಗ್ಲಾಡ್‌ಸ್ಟನ್‌ಗಾಗಿ ಸುಮಾರು 1860ರಲ್ಲಿ ಮಾಡಿದ ಬಜೆಟ್ ಪೆಟ್ಟಿಗೆಯನ್ನು ಒಬ್ಬಿಬ್ಬರನ್ನು ಬಿಟ್ಟು ಮುಂದಿನವರೆಲ್ಲ 2010ರವರೆಗೂ ಹಿಡಿದರು.

ಅದೇ 1860ರಲ್ಲಿ ಜೇಮ್ಸ್ ವಿಲ್ಸನ್ ಕಲ್ಕತ್ತೆಯಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಬಜೆಟ್ ಮಂಡಿಸಿದ. 1857ರ ದಂಗೆ ಅಡಗಿಸಿದ ಖರ್ಚು ತುಂಬಬೇಕಿತ್ತು; ಆದಾಯ ತೆರಿಗೆ ತಂದ. ಭೂಕಂದಾಯ, ಉಪ್ಪಿನ ತೆರಿಗೆ ಮೊದಲೇ ಇದ್ದವು. ಇಂಥ ಲೆಕ್ಕವನ್ನು ಬಿಚ್ಚಿ ನೋಡಿದವರಲ್ಲಿ ಒಬ್ಬರು ಅಂಬೇಡ್ಕರ್. ಮುಟ್ಟಬಾರದೆಂದ ಜಾತಿಯಲ್ಲಿ ಹುಟ್ಟಿದ ಅವರು 1925ರಲ್ಲಿ ಅಚ್ಚಾದ ಪುಸ್ತಕದಲ್ಲಿ 1833ರಿಂದ 1921ರವರೆಗಿನ ಪ್ರಾಂತಗಳ ಹಣಕಾಸನ್ನು ಜಾಲಾಡಿದರು.

1947ರ ನವೆಂಬರ್ 26ರಂದು ಷಣ್ಮುಖಂ ಚೆಟ್ಟಿ ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನೂ ತೊಗಲಿನ ಚೀಲದಲ್ಲೇ ತಂದರು. ತೊಗಲು ಹದ ಮಾಡುವವನನ್ನು ಊರ ಹೊರಗಿಟ್ಟ ದೇಶ ಇದು. ಅದೇ ತೊಗಲು ಅಧಿಕಾರ ಹೊತ್ತಾಗ ಪಾರ್ಲಿಮೆಂಟಿನೊಳಕ್ಕೆ ಸಲೀಸಾಗಿ ಹೋಯ್ತು. ಯಾರಿಗೂ ಮೈಲಿಗೆ ಆಗಲಿಲ್ಲ.

2019ರ ಜುಲೈ 5ರಂದು ನಿರ್ಮಲಾ ಸೀತಾರಾಮನ್ ಪೆಟ್ಟಿಗೆ ಬಿಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿದ ‘ಬಹಿ ಖಾತಾ’ ಹಿಡಿದು ಬಂದರು. 2021ರಲ್ಲಿ ಕೆಂಪು ಹೊದಿಕೆಯೊಳಗೆ ಟ್ಯಾಬ್ಲೆಟ್ ಬಂತು. ಪಶ್ಚಿಮದ ಗುಲಾಮಗಿರಿ ಬಿಟ್ಟು ನಮ್ಮ ಸಂಪ್ರದಾಯಕ್ಕೆ ಬಂದೆವು ಅಂದರು. ಯಾರ ಸಂಪ್ರದಾಯ? ಬಹಿ ಖಾತಾ ಅಂದರೆ ವ್ಯಾಪಾರಿ, ಸಾಹುಕಾರರ ಲೆಕ್ಕದ ಪುಸ್ತಕ. ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ಬಿದ್ದದ್ದು ಅಂಥ ಪುಸ್ತಕದ ಬರವಣಿಗೆಯಿಂದ. ಅದರಲ್ಲೇನಿದೆ ಅಂತ ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರು ನಮ್ಮೋರು. ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ.

ಆದ್ದರಿಂದ ಗೆಳೆಯರೆ, ಪೆಟ್ಟಿಗೆ ಇಂಗ್ಲಿಷರದೋ ಸಾಹುಕಾರನದೋ ಅನ್ನೋದು ನಮ್ಮ ಜಗಳ ಅಲ್ಲ. ಕರ್ನಾಟಕದಲ್ಲಿ ದಲಿತರ, ಆದಿವಾಸಿಗಳ ಪಾಲಿನ ಹಣಕ್ಕೆ 2013ರಲ್ಲಿ ಕಾಯಿದೆ ಆಯ್ತು. ಎಲ್ಲರಿಗೂ ಸೇರುವ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ಇವರಿಗೇ ಖರ್ಚಾಯ್ತೆಂದು ಬರೆದುಕೊಳ್ಳಲು ಅದರಲ್ಲೇ 7(ಡಿ) ಎಂಬ ಕಿಂಡಿ ಇತ್ತು. ಅದನ್ನು ತೆಗೆಸಲು 2023ರವರೆಗೆ ಕಾಯಬೇಕಾಯ್ತು. ಅಂಥ ಕಿಂಡಿ ಫೋಟೋದಲ್ಲಿ ಕಾಣೋದಿಲ್ಲ, ಲೆಕ್ಕ ಓದಿದವರಿಗೆ ಮಾತ್ರ ಕಾಣುತ್ತೆ. ಮೇಷ್ಟ್ರಾದವರು, ಓದೋ ಹುಡುಗರು ಬಜೆಟ್ ಪುಸ್ತಕ ತಂದು ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಲಿ. ಹೆಬ್ಬೆಟ್ಟು ಒತ್ತಿದ ಮುದುಕರೂ ಕೇಳಿ ತಮ್ಮ ಪಾಲೆಷ್ಟು ಅಂತ ಲೆಕ್ಕ ಹಾಕಲಿ.