ಗುತ್ತಿಯದಲ್ಲದ ಗುತ್ತಿ ಜೇಡ

ನಮ್ಮೂರು ದೊಡ್ಡಬಳ್ಳಾಪುರ. ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ನಮ್ಮೂರ ಮೇಲೇ ಹಾದು ಹೋಗುವ ರೈಲಿನಲ್ಲಿ ಎಷ್ಟೋ ಸಲ ಅನಂತಪುರ ಜಿಲ್ಲೆಯ ಗುತ್ತಿ ದಾಟಿದ್ದೇನೆ. ಕೋಟೆ ಇರುವ ಊರು ಅಂತಷ್ಟೇ ಗೊತ್ತಿತ್ತು. ಆ ಊರಿನ ಹೆಸರು ಹೊತ್ತ ಒಂದು ಜೇಡವೂ ಇದೆ ಅಂತ ಗೊತ್ತಾಗಿದ್ದು ಇತ್ತೀಚೆಗೆ!

ಕಥೆ ಶುರುವಾಗೋದು 1899ರಲ್ಲಿ. ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆರ್. ಐ. ಪೋಕಾಕ್ ಅದಕ್ಕೆ 'ಪೀಸಿಲೋಥೀರಿಯಾ ಮೆಟಾಲಿಕಾ' ಅಂತ ಹೆಸರಿಟ್ಟರು. ಮೈಯೆಲ್ಲ ಹೊಳೆಯುವ ನೀಲಿ. ಆ ನೀಲಿ ಬಣ್ಣದ್ದಲ್ಲ, ಕೂದಲಿನೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಹಾಗೆ ಚೆಲ್ಲುತ್ತದಂತೆ. ಇದು ಮೈಗಲೋಮಾರ್ಫ್ ಗುಂಪಿನದು. ಮನೆ ಮೂಲೆಯ ಜೇಡದ ಕೋರೆಗಳು ಚಿಮಟದ ಹಾಗೆ ಎದುರುಬದುರು ಕೂಡಿದರೆ, ಇವುಗಳದ್ದು ಮೇಲಿಂದ ಕೆಳಕ್ಕೆ ಚುಚ್ಚುತ್ತವೆ.

ಆಮೇಲೆ? ಏನೂ ಇಲ್ಲ. 102 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿತು, ಆದರೆ ಗುತ್ತಿಯಲ್ಲಲ್ಲ! ಸುಮಾರು 100 ಕಿ.ಮೀ. ದೂರದ, ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನ ಮರದ ಪೊಟರೆಗಳಲ್ಲಿ. ಪೋಕಾಕ್ ಕೈಸೇರಿದ ಜೇಡ ಕಡಿದ ಮರದ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿಳಿದಿರಬೇಕು, ಪಾಪ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಇದು ತಪ್ಪು ಡೇಟಾ ಅಲ್ಲ. ಜೇಡ ಗುತ್ತಿಯಲ್ಲಿ ಸಿಕ್ಕಿದ್ದು ನಿಜ. 'ಸಿಕ್ಕ ಜಾಗ'ವನ್ನು 'ವಾಸಸ್ಥಳ' ಅಂತ ಓದಿಕೊಂಡರೆ ತಪ್ಪು. ಗುತ್ತಿಯಲ್ಲಿ ಹುಡುಕಿ ಸಿಗದಿದ್ದರೆ 'ನಿರ್ವಂಶ' ಅಂತ ಷರಾ ಬರೆದು ಮುಗಿಸಬಹುದಿತ್ತು. ನಿಜವಾದ ಮನೆಯಲ್ಲಿ ಮಾತ್ರ ಕೊಡಲಿ ನಿಲ್ಲುತ್ತಿರಲಿಲ್ಲ.

ಈಗಲೂ ಪೂರ್ತಿ ನಿಂತಿಲ್ಲ. ಅದಕ್ಕಿರುವ ನೆಲೆ 100 ಚದರ ಕಿ.ಮೀ.ಗಿಂತ ಕಡಿಮೆ. ಸೌದೆಗೆ, ಮರಮಟ್ಟಿಗೆ ಕಾಡು ಕರಗುತ್ತಿದೆ ಅಂತ 2008ರಲ್ಲಿ ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ವಿದೇಶಗಳಲ್ಲೋ ಗಾಜಿನ ಡಬ್ಬಿಯಲ್ಲಿಟ್ಟು ಸಾಕುತ್ತಾರೆ, ಮರಿ ಮಾಡಿಸಿ ಮಾರುತ್ತಾರೆ. 2019ರಲ್ಲಿ ಈ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತಂದರು.

ಅಲ್ಲೆಲ್ಲ ಅದರ ಹೆಸರು ಇವತ್ತಿಗೂ 'ಗುತ್ತಿ' ಜೇಡವೇ. ಇಳಿದ ಸ್ಟೇಷನ್ನೇ ಊರಾಗಿಬಿಟ್ಟಿತು, ಹತ್ತಿದ ಊರನ್ನು ಕೇಳೋಕೆ ನೂರೆರಡು ವರ್ಷ ಬೇಕಾಯಿತು. ಮುಂದಿನ ಸಲ ಗುತ್ತಿ ಬಂದಾಗ ಕಿಟಕಿ ಪಕ್ಕ ಎದ್ದು ಕೂತಿರ್ತೀನಿ. ನೀವೂ ಆ ಕಡೆ ಹೋದರೆ ಒಮ್ಮೆ ನೆನಪಿಸಿಕೊಳ್ಳಿ :-)