ಬಾಕೆನ್ ಪದರದ ಪಾಠ

ಅಮೆರಿಕದ ನಾರ್ತ್ ಡಕೋಟಾದಲ್ಲಿ ಗೋಧಿ ಬೆಳೆಯುವ ನೆಲದಡಿ ಎಣ್ಣೆಯಿದೆ ಎಂಬುದು ಖಚಿತವಾದದ್ದು 1951ರ ಏಪ್ರಿಲ್‌ನಲ್ಲಿ, ಟಯೋಗಾ ಎಂಬ ಸಣ್ಣ ಊರಿನ ಬಳಿ ಕ್ಲಾರೆನ್ಸ್ ಐವರ್ಸನ್ ಎಂಬ ರೈತರ ಜಮೀನಿನಲ್ಲಿ ಕೊರೆದ ಬಾವಿಯಿಂದ. ಅಲ್ಲಿನ ಇನ್ನೊಬ್ಬ ರೈತ ಹೆನ್ರಿ ಬಾಕೆನ್ ಅವರ ಹೆಸರನ್ನು ಸುಮಾರು ಎರಡು ಮೈಲಿ ಆಳದ ಶಿಲಾಪದರವೊಂದಕ್ಕೆ ಇಟ್ಟರು. ಆ ಪದರದಲ್ಲಿ ಎಣ್ಣೆ ಇತ್ತು, ಆದರೆ ಬಿಗಿಯಾದ ಕಲ್ಲು ಅದನ್ನು ಸುಲಭವಾಗಿ ಹರಿಯಗೊಡುತ್ತಿರಲಿಲ್ಲ. 2000ದಲ್ಲಿ ಪಕ್ಕದ ಮೊಂಟಾನಾದ ಎಲ್ಮ್ ಕೂಲಿಯಲ್ಲಿ, 2006ರಲ್ಲಿ ನಾರ್ತ್ ಡಕೋಟಾದ ಪಾರ್ಶಲ್‌ನಲ್ಲಿ ಹೊಸ ಬಾವಿಗಳು ಭರವಸೆ ಹುಟ್ಟಿಸಿದವು. ಪದರದೊಳಗೆ ಅಡ್ಡಡ್ಡವಾಗಿ ಕೊರೆದು, ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವ ವಿಧಾನ ಅಲ್ಲಿ ಫಲ ಕೊಟ್ಟಿತು. ಬಾಕೆನ್‌ನಿಂದ ಮೇಲೆತ್ತಬಹುದಾದ ಎಣ್ಣೆ 15.1 ಕೋಟಿ ಬ್ಯಾರೆಲ್ ಎಂದು 1995ರಲ್ಲಿ ಅಂದಾಜಿಸಿದ್ದ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, 2008ರಲ್ಲಿ ಅದನ್ನು 365 ಕೋಟಿಗೆ ಏರಿಸಿತು. ಹದಿಮೂರು ವರ್ಷಗಳಲ್ಲಿ ಕಲ್ಲು ಬದಲಾಗಿರಲಿಲ್ಲ. ಅದರ ಬಗೆಗಿನ ತಿಳಿವಳಿಕೆ ಮತ್ತು ಅದನ್ನು ಸೀಳುವ ತಂತ್ರ ಬದಲಾಗಿದ್ದವು. ಆದ್ದರಿಂದ ಇಂಥ ಬಿಗಿ ಕಲ್ಲಿನ ಬಾವಿಯ ಮೊದಲ ಫಲಿತಾಂಶ ತಂತ್ರದ ಗೆಲುವಿಗೆ ಸಾಕ್ಷಿಯೇ ಹೊರತು ಊರಿನ ಭವಿಷ್ಯಕ್ಕೆ ಖಾತರಿಯಾಗಲಾರದು.

ಇದಕ್ಕೆ ಕಾರಣ ಬಾವಿಯ ಸ್ವಭಾವದಲ್ಲೇ ಇದೆ. ಸೀಳುಗಳ ಅಂಚಿನಲ್ಲಿರುವ ಎಣ್ಣೆ ಮೊದಲ ತಿಂಗಳುಗಳಲ್ಲಿ ರಭಸದಿಂದ ಬರುತ್ತದೆ. ಆಮೇಲೆ ದೂರದ ಎಣ್ಣೆ ಬಿಗಿ ಕಲ್ಲಿನೊಳಗಿಂದ ನಿಧಾನವಾಗಿ ಜಿನುಗಬೇಕು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಇಳುವರಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹಾಗಿದ್ದರೆ 2014ರಲ್ಲಿ ರಾಜ್ಯದ ಉತ್ಪಾದನೆ ದಿನಕ್ಕೆ 10 ಲಕ್ಷ ಬ್ಯಾರೆಲ್ ದಾಟಿದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಹಳೆಯ ಬಾವಿಗಳು ಕುಗ್ಗಿದಷ್ಟಕ್ಕೂ ಮಿಗಿಲಾಗಿ ಹೊಸ ಬಾವಿಗಳನ್ನು ಕೊರೆಯುತ್ತ ಹೋದದ್ದರಿಂದ. 2014ರ ನಡುವೆ 100 ಡಾಲರ್ ಮೀರಿದ್ದ ಬ್ಯಾರೆಲ್ ಬೆಲೆ 2016ರ ಆರಂಭದಲ್ಲಿ 30ಕ್ಕಿಂತ ಕೆಳಗೆ ಬಿತ್ತು. ಕೊರೆತ ನಿಧಾನಗೊಂಡಿತು, ಅದೇ ವರ್ಷ ಉತ್ಪಾದನೆ 10 ಲಕ್ಷಕ್ಕಿಂತ ಕೆಳಗಿಳಿಯಿತು. ಈಗಿನ ಬಾವಿಗಳು ಹಿಂದಿನವಕ್ಕಿಂತ ಉದ್ದ, ಹೆಚ್ಚು ಫಲವತ್ತು ಎಂಬ ವಾದವೂ ನಿಜ. 2019ರಲ್ಲಿ ಉತ್ಪಾದನೆ 15 ಲಕ್ಷದ ಹತ್ತಿರ ತಲುಪಿದ್ದರಲ್ಲಿ ಆ ಸುಧಾರಣೆಯ ಪಾಲು ದೊಡ್ಡದು. ಆದರೆ ಹೆಚ್ಚು ಕೊಡುವ ಬಾವಿಯೂ ಬೇಗನೆ ಕುಗ್ಗುತ್ತದೆ, ಅದರ ಜಾಗಕ್ಕೆ ಮತ್ತೊಂದು ಬಾವಿ ಬೇಕೇ ಬೇಕು.

ಊರು ಈ ವೇಗಕ್ಕೆ ಹೊಂದಿಕೊಳ್ಳುವುದು ಕಷ್ಟ. ರಸ್ತೆ, ಒಳಚರಂಡಿ, ಶಾಲೆಗಳ ಸಾಲ ದಶಕಗಟ್ಟಲೆ ಉಳಿಯುತ್ತದೆ. 1980ರ ದಶಕದಲ್ಲಿ ಬೆಲೆ ಕುಸಿದಾಗ ವಿಲಿಸ್ಟನ್ ಪಟ್ಟಣ ಇದನ್ನು ಅನುಭವಿಸಿತು. ಬಡಾವಣೆಗಳಿಗೆಂದು ಮಾಡಿದ ಸಾಲದ ಹೊರೆ ಪಟ್ಟಣದ ತಲೆಯ ಮೇಲೆ ಉಳಿಯಿತು. ಎಣ್ಣೆಯಿಂದ ಕೆಲಸ ಸಿಕ್ಕಿದೆ, ಖನಿಜದ ಹಕ್ಕಿದ್ದ ರೈತರಿಗೆ ರಾಯಧನ ಬಂದಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಹಕ್ಕು ಎಲ್ಲ ಜಮೀನುದಾರರಿಗೂ ಇರಲಿಲ್ಲ. ಹೊಲದಲ್ಲಿ ಬಾವಿ ಬಂದರೂ ಅದರ ರಾಯಧನ ಬೇರೆಯವರಿಗೆ ಹೋದದ್ದುಂಟು. ಹೀಗಿರುವಾಗ 2010ರಲ್ಲಿ ರಾಜ್ಯದ ಮತದಾರರು ಎಣ್ಣೆ ಮತ್ತು ಅನಿಲದ ತೆರಿಗೆಯ ಶೇ 30 ಭಾಗವನ್ನು ‘ಲೆಗಸಿ ಫಂಡ್’ನಲ್ಲಿ ಕೂಡಿಡಬೇಕು, 2017ರವರೆಗೆ ಆ ನಿಧಿಯನ್ನು ಮುಟ್ಟಬಾರದು ಎಂದು ತೀರ್ಮಾನಿಸಿದ್ದು ವಿವೇಕದ ನಡೆ. ಕುಗ್ಗುವ ಬಾವಿಯಿಂದ ಬಂದ ಹಣವನ್ನು ಕುಗ್ಗದ ಆಸ್ತಿಯಾಗಿಸುವ ದಾರಿ ಅದು. ಹೊಸ ಬಾವಿಯ ಸಿಹಿಸುದ್ದಿ ಬಂದ ದಿನವೇ ಯಾವುದೇ ಗ್ರಾಮೀಣ ಪ್ರದೇಶ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಆದಾಯದಲ್ಲಿ ಎಷ್ಟನ್ನು ನಾಳೆಗಾಗಿ ಎತ್ತಿಡುತ್ತೇವೆ?