ನೆಲದ ಜಿಡ್ಡಿಗೆ ಚೌಳಿನ ಮದ್ದು

ಮದುವೆ, ಹಬ್ಬಗಳು ಬಂದರೆ ಹಿತ್ತಲಿನ ಸಿಮೆಂಟು ಅಂಗಳದಲ್ಲಿ ಒಲೆ ಹೂಡಿ ಕಜ್ಜಾಯ, ಚಕ್ಕುಲಿ ಕರಿಯುವುದು ಮೈಸೂರು ಸೀಮೆಯ ರೂಢಿ. ನೆಂಟರು ಹೊರಟುಹೋದ ಮೇಲೂ ಹೋಗದೆ ಉಳಿಯುವುದು ಒಲೆಯ ಸುತ್ತಲಿನ ಎಣ್ಣೆಯ ಕಲೆ. ನೀರು ಸುರಿದರೆ ಅದು ಬಿಡುವುದಿಲ್ಲ, ಪೊರಕೆಯಿಂದ ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಕೊನೆಗೆ ಅಂಗಡಿಯಿಂದ ಆಸಿಡ್ ಬಾಟಲಿ ಬರುತ್ತದೆ. ಕಲೆ ತೆಗೆಯುವುದು ಸಣ್ಣ ಕೆಲಸವೆಂದು ತೋರಿದರೂ ಅದರ ಹಿಂದೆ ನಮ್ಮ ಮಣ್ಣಿನ, ಮನೆಯ, ಸಾಬೂನಿನ ಚರಿತ್ರೆಯಿದೆ. ಆ ಚರಿತ್ರೆಯ ಹಲವು ಎಳೆಗಳು ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬಂದು ಕೂಡುತ್ತವೆ.

ಹಿಂದಿನ ಹಳ್ಳಿಮನೆಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಅಡುಗೆಮನೆ, ಅಂಗಳಗಳ ನೆಲ ಮಣ್ಣಿನದು. ಬಿದ್ದ ಎಣ್ಣೆಯನ್ನು ಮಣ್ಣೇ ಹೀರಿಕೊಳ್ಳುತ್ತಿತ್ತು. ಸೆಗಣಿ ಸಾರಿಸಿದಾಗ ನೆಲಕ್ಕೆ ಹೊಸ ಮೈ ಬರುತ್ತಿತ್ತು. ಉಳ್ಳವರ ಮನೆಗಳಲ್ಲಿ ಕಲ್ಲುಚಪ್ಪಡಿ ಅಥವಾ ಸುಣ್ಣದ ಗಾರೆಯ ನೆಲವಿರುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಂಥ ಭಾರಿ ಕಟ್ಟಡವನ್ನೂ ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು. 1930ರ ದಶಕದ ಕೊನೆಯ ಹೊತ್ತಿಗೆ ಭದ್ರಾವತಿಯಲ್ಲಿ ಸಿಮೆಂಟು ತಯಾರಾಗತೊಡಗಿತು. ಅಲ್ಲಿಂದ ಮುಂದೆ ಮೆಲ್ಲಮೆಲ್ಲನೆ ಸಿಮೆಂಟು ಹಳ್ಳಿಯ ಅಂಗಳಕ್ಕೂ ಬಂತು.

ಸಿಮೆಂಟು ನೆಲ ಗಟ್ಟಿ, ಸಾರಿಸುವ ಗೋಜಿಲ್ಲ. ಆದರೆ ಅದಕ್ಕೆ ಹೊಸ ಮೈ ಬರುವುದೂ ಇಲ್ಲ. ಗಟ್ಟಿಯಾಗಿ ಕಂಡರೂ ಅದರ ತುಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಬಿಸಿ ಎಣ್ಣೆ ಅವುಗಳೊಳಗೆ ಇಳಿಯುತ್ತದೆ; ಗಾಳಿ ತಾಗಿ ಕ್ರಮೇಣ ಅಂಟಂಟಾಗಿ ಗಟ್ಟಿಯಾಗುತ್ತದೆ. ಇದೇ ನಾವು ಜಿಡ್ಡು ಎನ್ನುವುದು. ಹೊಸ ಕಲೆ ಸುಲಭವಾಗಿ ಹೋಗುವುದಕ್ಕೂ ಹಳೆಯ ಕಲೆ ಹಟ ಹಿಡಿಯುವುದಕ್ಕೂ ಇದೇ ಕಾರಣ.

ದೇವಸ್ಥಾನಗಳಲ್ಲಿ ಈ ಜಿಡ್ಡು ಮೊದಲಿನಿಂದಲೂ ಇದ್ದದ್ದೇ. ಕಪಿಲಾ ತೀರದ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ 385 ಅಡಿ ಉದ್ದ, 160 ಅಡಿ ಅಗಲದ ಮಹಾಮಂದಿರ. ಅದರ ಏಳು ನೆಲೆಯ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ಇಲ್ಲಿ ಭಕ್ತರು ಉರುಳು ಸೇವೆ ಮಾಡುತ್ತಾರೆ. ಎಂದರೆ ನೆಲಕ್ಕೆ ಮೈಯೊಡ್ಡುತ್ತಾರೆ. ದೀಪದ ಎಣ್ಣೆ, ಪಂಚಾಮೃತದ ತುಪ್ಪ ಬೀಳುವ ಕಲ್ಲು ನೆಲ ಜಾರದಂತೆ, ಕಮಟು ನಾರದಂತೆ ಇರಬೇಕಾದರೆ ಅದನ್ನು ತೊಳೆಯುವ ವಿದ್ಯೆ ಯಾರಿಗಾದರೂ ಗೊತ್ತಿರಲೇಬೇಕು.

ಆ ವಿದ್ಯೆ ಗೊತ್ತಿದ್ದದ್ದು ಮುಖ್ಯವಾಗಿ ಇಬ್ಬರಿಗೆ: ಅಡುಗೆಮನೆಯ ಹೆಂಗಸರಿಗೆ, ಹೊಳೆ ದಂಡೆಯ ಅಗಸರಿಗೆ. ಹೆಂಗಸರ ಕೈಯಲ್ಲಿದ್ದದ್ದು ಒಲೆಯ ಬೂದಿ, ಸೀಗೆಪುಡಿ, ಅಂಟುವಾಳ. ಭತ್ತದ ನಾಡಾದ ಇಲ್ಲಿ ಹೊಟ್ಟಿನ ಬೂದಿಗೂ ಬರವಿರಲಿಲ್ಲ. ಭತ್ತದ ಹೊಟ್ಟನ್ನು ಸುಟ್ಟು ಮಾಡುವ ನಂಜನಗೂಡು ಹಲ್ಲುಪುಡಿಯಿಂದ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತಷ್ಟೆ. ಅಗಸರ ಕೈಯಲ್ಲಿದ್ದದ್ದು ಚೌಳು ಮಣ್ಣು. ಬೇಸಗೆಯಲ್ಲಿ ತಗ್ಗಿನ ನೆಲದ ಮೇಲೆ ಬೆಳ್ಳಗೆ ಉಬ್ಬಿ ನಿಲ್ಲುವ ಈ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ಕಲಸಿ, ಬಟ್ಟೆಗೆ ಹಚ್ಚಿ ಉಬ್ಬೆ ಹಾಕುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಮಣ್ಣನ್ನು ಕನ್ನಡದ ಹೆಸರಿನಿಂದಲೇ ದಾಖಲಿಸಿದ್ದಾನೆ. ಚಿತ್ರದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡಲು ಇದರ ಸೋಡವೇ ಬೇಕಾಗುತ್ತಿತ್ತು.

ಚೌಳಿನ ಗುಣ ಅದರ ಕ್ಷಾರದಲ್ಲಿದೆ. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಎಂದರೆ ನಮ್ಮ ವಾಷಿಂಗ್ ಸೋಡ. ಒಲೆಯ ಸೌದೆ ಬೂದಿಯಲ್ಲಿ ಅದರ ದಾಯಾದಿಯಾದ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಕ್ಷಾರ ಎಣ್ಣೆಯ ಜತೆ ಸೇರಿದಾಗ ಎಣ್ಣೆಯ ಒಂದಂಶ ಸಾಬೂನಾಗುತ್ತದೆ. ಆ ಸಾಬೂನು ಮಿಕ್ಕ ಜಿಡ್ಡನ್ನು ಹನಿಹನಿಯಾಗಿ ಒಡೆದು ನೀರಿನೊಡನೆ ಹೊರಗೆ ತರುತ್ತದೆ. ಒಟ್ಟಿನಲ್ಲಿ, ಕಲೆಯನ್ನೇ ಕಲೆ ತೆಗೆಯುವ ವಸ್ತುವಾಗಿ ಮಾರ್ಪಡಿಸುವ ಉಪಾಯವಿದು. ಜತೆಗೆ ಮಣ್ಣು ತಾನೇ ಎಣ್ಣೆಯನ್ನು ಹೀರುತ್ತದೆ. ಹೀರುವ ಗುಣ, ಒಡೆಯುವ ಗುಣ ಎರಡೂ ಒಂದೇ ಹಿಡಿ ಮಣ್ಣಿನಲ್ಲಿದ್ದವು. ಕಾಲುವೆ ನೀರು ಹರಿದ ಮೇಲೆ ಕಬಿನಿ ಅಚ್ಚುಕಟ್ಟಿನ ರೈತ ಯಾವ ಚೌಳನ್ನು ಶಪಿಸುತ್ತಾನೋ ಅದೇ ಚೌಳು ಅಗಸನಿಗೆ ಅನ್ನ ಕೊಟ್ಟಿತ್ತು.

ಇದೇ ತತ್ವ ಕಾರ್ಖಾನೆಗೆ ಏರಿದ ಕಥೆಯಲ್ಲೂ ಈ ಎರಡು ತಾಲ್ಲೂಕುಗಳ ಹೆಸರಿದೆ. ಮೊದಲ ಮಹಾಯುದ್ಧ ಹತ್ತಿದಾಗ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು, ಬಳಿಕ ಸಾಬೂನು ಮಾಡಲು ತೊಡಗಿತು. ಇಂಗ್ಲೆಂಡಿಗೆ ಹೋಗಿ ಸಾಬೂನಿನ ರಸಾಯನವನ್ನು ಕಲಿತುಬಂದು ಮೈಸೂರ್ ಸ್ಯಾಂಡಲ್ ಸಾಬೂನನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಸೋಸಲೆ ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಗರಳ ಎಂದರೆ ನಂಜು. ಗರಳಪುರಿ ಎಂಬುದು ನಂಜನಗೂಡಿನ ಸಂಸ್ಕೃತ ಹೆಸರು. ಮೈಸೂರಿನ ಸಾಬೂನಿನ ಚರಿತ್ರೆ ಹೀಗೆ ಎರಡೂ ಊರುಗಳನ್ನು ಒಬ್ಬರ ಹೆಸರಿನಲ್ಲಿ ಹೊತ್ತಿದೆ.

ತಿ. ನರಸೀಪುರ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರದ ಕೇಶವ ದೇವಾಲಯ ಹದಿಮೂರನೆಯ ಶತಮಾನದ್ದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಸ್ಮಾರಕಗಳನ್ನು ಕಾಯುವ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ರಸಾಯನ ಶಾಖೆಯೊಂದಿದೆ. ಕಲ್ಲಿಗೆ ಮೆತ್ತಿದ ಎಣ್ಣೆ, ಮಸಿಗಳನ್ನು ತೆಗೆಯಲು ಅದು ಬಳಸುವುದು ಅಮೋನಿಯ ಬೆರೆಸಿದ ನೀರು, ಸೌಮ್ಯ ಮಾರ್ಜಕ ಮತ್ತು ಹೀರಿಕೊಳ್ಳಲು ಕಾಗದದ ತಿರುಳಿನ ಲೇಪ. ಅಮೋನಿಯವೂ ಕ್ಷಾರವೇ. ಪದಾರ್ಥ ಬದಲಾಗಿದೆ, ಅಗಸನ ಕ್ರಮ ಬದಲಾಗಿಲ್ಲ.

ಈಗ ಆಸಿಡ್ ಬಾಟಲಿಯ ವಿಷಯಕ್ಕೆ ಬರೋಣ. ಆಮ್ಲ ಎಣ್ಣೆಯನ್ನು ಕರಗಿಸುವುದಿಲ್ಲ. ಅದು ಕರಗಿಸುವುದು ಸಿಮೆಂಟಿನಲ್ಲಿರುವ ಸುಣ್ಣವನ್ನು. ನೊರೆಯೆದ್ದಾಗ ಕಲೆ ಹೋಗುತ್ತಿದೆ ಎನಿಸುತ್ತದೆ, ಹೋಗುತ್ತಿರುವುದು ಮಾತ್ರ ನೆಲ. ಮೇಲ್ಮೈ ತರಿತರಿಯಾಗಿ ರಂಧ್ರಗಳು ದೊಡ್ಡದಾಗುತ್ತವೆ. ಮುಂದಿನ ಹಬ್ಬದ ಎಣ್ಣೆಗೆ ಇನ್ನಷ್ಟು ಜಾಗವಾಗುತ್ತದೆ. ಉಜ್ಜುವವರ ಕೈ, ಕಣ್ಣು, ಉಸಿರಿಗೆ ಆಗುವ ಹಾನಿ ಬೇರೆ.

ಸರಿಯಾದ ಕ್ರಮ ಸರಳ. ಎಣ್ಣೆ ಚೆಲ್ಲಿದ ಕೂಡಲೇ ನೀರು ಹಾಕಬಾರದು. ಒಣ ಬೂದಿಯನ್ನೋ ಜರಡಿ ಹಿಡಿದ ಮಣ್ಣನ್ನೋ ಹರಡಿ, ಹೀರಲು ಬಿಟ್ಟು ಗುಡಿಸಬೇಕು. ಉಳಿದದ್ದಕ್ಕೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡ ಸುರಿದು, ಅರ್ಧ ಗಂಟೆ ಕಳೆದು, ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಹಳೆಯ ಕಲೆಗೆ ಸೋಡ ನೀರಿನಲ್ಲಿ ಜೇಡಿಮಣ್ಣು ಕಲಸಿ ಬೆರಳು ಗಾತ್ರದ ಲೇಪ ಹಾಕಿ, ಒಣಗಿದ ಮೇಲೆ ಕೆರೆದು ತೆಗೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಬೇಕಾದೀತು. ಸೋಡವೂ ಚರ್ಮವನ್ನು ಒಣಗಿಸುವುದರಿಂದ ಕೈಗವಸು ಇದ್ದರೆ ಒಳ್ಳೆಯದು.

ಸುತ್ತೂರು ಜಾತ್ರೆಯ ದಾಸೋಹ, ತಿರುಮಕೂಡಲಿನಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳ, ನಂಜನಗೂಡಿನ ದೊಡ್ಡ ಜಾತೆ ಎಲ್ಲವೂ ಹೊಳೆಯ ದಡದ ಉತ್ಸವಗಳು. ನಾವು ನೆಲಕ್ಕೆ ಸುರಿದದ್ದು ಕೊನೆಗೆ ಸೇರುವುದು ಕಪಿಲೆ, ಕಾವೇರಿಯರನ್ನೇ. ಎಣ್ಣೆಯನ್ನು ಮೊದಲು ಮಣ್ಣಿಗೆ ಹೀರಿಸಿ ಗುಡಿಸಿ ತೆಗೆದರೆ ತೊಳೆಯಲು ಬೇಕಾಗುವ ಸೋಡವೂ ಕಡಿಮೆ, ನೀರೂ ಕಡಿಮೆ. ಅಗಸರ ಈ ತಿಳಿವಳಿಕೆಯನ್ನು ಯಾರೂ ಶಾಸ್ತ್ರವೆಂದು ಕರೆಯಲಿಲ್ಲ. ಆದರೆ ನೆಲ ಉಳಿಸುವ ಶಾಸ್ತ್ರ ಅದರಲ್ಲೇ ಇತ್ತು.